ಹಸಿ

ದುರ್ಗಿಗುಡಿಯ ಒಂದು ಅಡ್ಡರಸ್ತೆಯಲ್ಲಿ
ಕೆಳಗೆ ಖಂಡೋಜಿರಾಯರ ಪ್ರೆಸ್ಸು, ಮೇಲೆ ನಾವು ಮೂವರು,
ಒಂದು ಫ್ಯಾನು, ಹಾಲಿನ ಸೊಸೈಟಿಗಳಿಗೊಂದು ಆ್ಯಪು.
ಅವರ ಟ್ರೆಡಲ್ ಓಡಿದರೆ ನಮ್ಮ ಟೀ ಲೋಟ ನಡುಗುತ್ತದೆ.
ಅಷ್ಟೇ ಸಂಬಂಧ ಅಂದುಕೊಂಡಿದ್ದೆ.

ಶುಕ್ರವಾರ ಬೆಳಗಿನ ಹಾಲಿಗೇ ಜಗಳ.
ಕುಂಸಿ ಕಡೆಯಿಂದ ಗುತ್ಯಪ್ಪನವರು:
"ತಂಗೀ, ಅದೇ ಎಮ್ಮೆ, ಅದೇ ಕ್ಯಾನು.
ನನ್ನ ಫೋನಲ್ಲಿ ಫ್ಯಾಟು ಆರು ಪಾಯಿಂಟು ನಾಲ್ಕು,
ಆ ಶಾಂತವೀರನ ಫೋನಲ್ಲಿ ಐದು.
ಜನ ನನ್ನ ಮುಖ ನೋಡ್ತಾರೆ. ನಾನೇನು ಕಳ್ಳನಾ?"
ಯಾವ ವರ್ಷನ್ನು ನೋಡಿ, ಕೆಳಗಿದೆ, ಸಣ್ಣಕ್ಷರದಲ್ಲಿ.
"ಎರಡು ಚುಕ್ಕೆ ಒಂದು."
ಶಾಂತವೀರನಿಗೂ ಫೋನು ಮಾಡಿದೆ.
"ಎರಡು ಚುಕ್ಕೆ ಒಂದು ಮೇಡಂ."

ಹೆಸರೊಂದೇ, ಆಳು ಬೇರೆ.
ಒಂದಕ್ಕೂ ಇನ್ನೊಂದಕ್ಕೂ ನಡುವೆ ಹನ್ನೊಂದು ತಿದ್ದುಪಡಿ.
ಒಂದು ಕೊನೆಯ ಅಂಕಿಯನ್ನು ಕತ್ತರಿಸಿ ಎಸೆಯುತ್ತದೆ,
ಇನ್ನೊಂದು ಅದನ್ನು ಮೇಲಕ್ಕೆತ್ತಿ ಕೂರಿಸುತ್ತದೆ.
ನಂಬರು ಬದಲಿಸುವುದು ಇಮ್ತಿಯಾಜನ ಕೆಲಸ;
ಆ ವಾರ ಅವನ ತಂಗಿಯ ಮದುವೆ.
ಅವನಿಲ್ಲದಾಗ ನನ್ನ ಕೆಲಸ;
ಆ ವಾರ ನನಗೆ ನೆನಪಿಲ್ಲ.

ಕರೆಂಟು ಹೋದ ಮಧ್ಯಾಹ್ನ ಕೆಳಗಿಳಿದೆ.
ರಾಯರು ಅಂಗೈಯಲ್ಲಿಟ್ಟು ತೋರಿಸಿದರು:
ಹೆಬ್ಬೆರಳಿನಷ್ಟು ಉಕ್ಕು, ಒಳಗೆ ಐದು ಚಕ್ರ,
ಮುಂದೆ ಎದ್ದು ನಿಂತ ಒಂದು ಗುಬುಟು.
ಹಾಳೆ ಬಂದು ಒತ್ತಿದರೆ ಅದು ತಗ್ಗುತ್ತದೆ,
ಒಳಗೆ ಟಕ್ಕೆಂದು ಮುಂದಿನ ಅಂಕಿ ಮೇಲೇಳುತ್ತದೆ.
"ಎಣಿಸೋದನ್ನ ಅಚ್ಚಿಗೇ ಕಟ್ಟಿಹಾಕಬೇಕು.
ಮನುಷ್ಯನ ಕೈಗೆ ಕೊಟ್ರೆ
ಊಟದ ಹೊತ್ತಿಗೆ ತಪ್ತಾನೆ."
ಹಿಂದಕ್ಕೆ ತಿರುಗಿಸಬಹುದಾ ಅಂದೆ.
"ತಿರುಗಿಸಬಹುದು. ಸೂಜಿ ಬೇಕು.
ಜೊತೆಗೆ ಆಡಿಟರು ಒಳ್ಳೆಯವನಾಗಿರಬೇಕು."

ರಾತ್ರಿ ಬರೆದೆ, ಹನ್ನೆರಡು ಸಾಲು.
ಮೊದಲಿಗೆ ಬೇಲಿಯಂಥ ಗುರುತು, ಪಕ್ಕದಲ್ಲೊಂದು ಉದ್ಗಾರ.
ಆಮೇಲೆ: ಹುಟ್ಟಿದಂದಿನಿಂದ ಒಪ್ಪಿಸಿದ ತಿದ್ದುಪಡಿ ಎಷ್ಟು, ಎಣಿಸು.
ಎರಡು ಚುಕ್ಕೆ ಒಂದರ ಬಾಲಕ್ಕೆ ಅದನ್ನು ಕಟ್ಟು.
ಆ್ಯಪಿನ ಹೊಟ್ಟೆಯೊಳಗಿನ ಚೀಟಿ ಬಿಚ್ಚಿ
ಹಳೆಯದನ್ನು ಅಳಿಸು, ಇದನ್ನು ಬರೆ.
ಎಣಿಸಲಾಗದಿದ್ದರೆ ಮುಂದೆ ಹೋಗಬೇಡ,
ಅಲ್ಲೇ ನಿಂತು ಕೂಗು.
ನಾನು ಮರೆಯುತ್ತೇನೆ ಅಂತಲೇ ನೀನು.

ಒಂದು ಉಳಿಯಿತು.
ಅರ್ಧ ತಿದ್ದಿ, ಒಪ್ಪಿಸದೆ, ಹಾಗೇ ಕಟ್ಟಿಬಿಟ್ಟರೆ?
ಅಂಥದರ ಬೆನ್ನಿಗೆ ಎಲ್ಲರೂ ಅಂಟಿಸುವುದು
ಕೊಳಕು ಎನ್ನುವ ಇಂಗ್ಲಿಷಿನ ಒಂದು ಪದ.
ಇಮ್ತಿಯಾಜ್ ನಕ್ಕ: "ಕನ್ನಡದಲ್ಲಿ ಮೈಲಿಗೆ ಅಂತ ಹಾಕೇ."
ಬೆರಳು ಕೀಲಿಯ ಮೇಲೇ ನಿಂತಿತು.
ನಮ್ಮಜ್ಜಿ ಆ ಪದವನ್ನು
ಹೋಟೆಲಿನ ಹಿಂಬದಿ ಕೂತು
ಕರಟದಲ್ಲಿ ಹೊಯ್ದ ಚಾ ಜೊತೆ ಕುಡಿದವಳು.
ಸುಟ್ಟಿತ್ತು ಅನ್ನುತ್ತಿದ್ದಳು, ಬಿಸಿಗೆ ಅಂತ ನಾವು ತಿಳಿದಿದ್ದೆವು.
ಅವನಿಗೆ ಗೊತ್ತಿರಲಿಲ್ಲ. ಹೇಳಲೂ ಇಲ್ಲ ನಾನು.

ಕೆಳಗೆ ಮದುವೆ ಕಾಗದದ ಸೀಜನ್ನು, ಇನ್ನೂ ದೀಪ.
ರಾಯರು ಹುಡುಗನಿಗೆ ಕೂಗುವುದು ಮೆಟ್ಟಿಲು ಹತ್ತಿ ಬಂತು:
"ಈಗಲೇ ಅಡಕಬೇಡ್ವೋ, ಹಸಿ ಐತೆ!"

ಹಸಿ ಎಂದು ಬರೆದೆ.
ಎರಡೇ ಅಕ್ಷರ.
ತುಸು ಹೊತ್ತು ಬಿಟ್ಟರೆ
ಯಾರೂ ತೊಳೆಯದೆ ತಾನೇ ಹೋಗುವಂಥದು.

ಸೋಮವಾರ ಗುತ್ಯಪ್ಪನವರ ಫೋನು, ಉಸಿರು ಹಿಡಿದು ಓದಿದರು:
"ಎರಡು ಚುಕ್ಕೆ ಒಂದು ಚುಕ್ಕೆ ನಾನೂರ ಹದಿಮೂರು.
ಶಾಂತವೀರನೂ ಬಂದಿದಾನೆ, ಇವನದ್ದೂ ಅದೇ.
ಫ್ಯಾಟೂ ಒಂದೇ."
ಗೆದ್ದೆ ಅಂದುಕೊಳ್ಳುವಷ್ಟರಲ್ಲಿ
"ಹಂಗಾದ್ರೆ ತಂಗೀ,
ಹೋದ ತಿಂಗಳು ಕತ್ತರಿಸಿ ಎಸೆದದ್ದು
ಯಾರ ಲೆಕ್ಕಕ್ಕೆ?"

ಹನ್ನೆರಡು ಸಾಲಿನಲ್ಲಿ ಅದಕ್ಕೆ ಸಾಲಿರಲಿಲ್ಲ.
ಕೆಳಗೆ ಟ್ರೆಡಲ್ ಶುರುವಾಯಿತು.
ಲೋಟ ಹಿಡಿದುಕೊಂಡೆ.